ಹಗ್ಗ ಹಿಡಿದ ಲಾಂಡ್ರಿ ಹೆಂಗಸರು

ಬಟ್ಟೆ ಮಡಿಸುವ ಯಂತ್ರ ಒಂದು ಸೋಮವಾರ ಬೆಳಿಗ್ಗೆ ಕಟಕಟನೆ ಹಲ್ಲು ಕಡಿದು ಸುಮ್ಮನಾಯಿತು. ಅದು ಕೆಟ್ಟಿದ್ದರಿಂದಲೇ ಮುಂದಿನದೆಲ್ಲ ಆದದ್ದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನಾಗ ಇಪ್ಪತ್ತಮೂರರವಳು. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಆರುನೂರು ಹಾಸಿಗೆಯ ಆಸ್ಪತ್ರೆ. ಅಷ್ಟೂ ಹಾಸಿಗೆಯ ಬೆಡ್‌ಶೀಟು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಅಂಗಿಗಳೆಲ್ಲ ಹಿತ್ತಲಿನ ಕಟ್ಟಡದಲ್ಲಿದ್ದ ನಮ್ಮ ಲಾಂಡ್ರಿಗೇ ಬರಬೇಕು. ಒಂದು ತುದಿಯಲ್ಲಿ ಒಗೆಯುವ ಯಂತ್ರಗಳಿದ್ದ ಒದ್ದೆ ವಿಭಾಗ, ನಡುವೆ ಇಸ್ತ್ರಿಯ ದೊಡ್ಡ ರೋಲರುಗಳು, ಇನ್ನೊಂದು ತುದಿಯಲ್ಲಿ ಮಡಿಸುವ ಜಾಗ. ಊಟದ ಕೋಣೆಯಲ್ಲಿ ಎರಡೇ ಉದ್ದನೆಯ ಮೇಜು. ಕಿಟಕಿ ಪಕ್ಕದ್ದು ಬಿಳಿ ಹೆಂಗಸರದು. ಬಾಯ್ಲರ್ ಗೋಡೆಗೆ ಒತ್ತಿಕೊಂಡದ್ದು ನಮ್ಮದು, ಅಂದರೆ ಕರಿಯರದು. ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಬೋರ್ಡು ಹಾಕಿದ್ದರೆ ಕಿತ್ತು ಬಿಸಾಡಬಹುದಿತ್ತು.

ಯಂತ್ರ ಕೆಟ್ಟಿತು ಎಂದ ಕೂಡಲೇ ಮೇಲ್ವಿಚಾರಕರು ತಲೆ ಮೇಲೆ ಕೈ ಹೊತ್ತುಕೊಂಡು ಬಂದರು. "ಬಿಡಿಭಾಗ ಬರೋಕೆ ಎರಡು ತಿಂಗಳಂತೆ. ಅಲ್ಲಿವರೆಗೆ ಕೈಯಲ್ಲೇ ಮಡಿಸಬೇಕು. ಎತ್ತರ ನೋಡಿ ಜೋಡಿ ಮಾಡ್ತೀನಿ, ಸಾಲಾಗಿ ನಿಂತ್ಕೊಳ್ಳಿ" ಎಂದು ನಮ್ಮನ್ನು ಶಾಲೆ ಮಕ್ಕಳ ಹಾಗೆ ನಿಲ್ಲಿಸಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನನ್ನ ಎತ್ತರಕ್ಕೆ ಸಿಕ್ಕವರು ಗಡಿಯಾರದಮ್ಮ.

ಅದು ಅವರ ಅಡ್ಡಹೆಸರು. ಐವತ್ತೊಂಬತ್ತು ವರ್ಷದ ಬಿಳಿ ಹೆಂಗಸು, ಮೂವತ್ತನಾಲ್ಕು ವರ್ಷದ ಸರ್ವಿಸು, ಒಂದು ದಿನವೂ ಒಂದು ನಿಮಿಷ ತಡವಾಗಿ ಬಂದವರಲ್ಲ. ಕಿಟಕಿ ಮೇಜಿನ ಯಜಮಾನಿಯೂ ಅವರೇ. ಐದು ತಿಂಗಳಲ್ಲಿ ನನ್ನ ಜೊತೆ ಅವರು ಆಡಿದ್ದ ಮಾತು ಒಂದೇ: "ದಾರಿ ಬಿಡು."

ಬೆಡ್‌ಶೀಟನ್ನು ಇಬ್ಬರು ಸೇರಿ ಮಡಿಸುವುದು ನೋಡುವುದಕ್ಕೆ ಸುಲಭ. ಎದುರುಬದುರು ನಿಂತು ಆಚೆ ಎರಡು ಮೂಲೆ, ಈಚೆ ಎರಡು ಮೂಲೆ ಹಿಡಿಯಬೇಕು. ಒಮ್ಮೆ ಫಟ್ಟೆಂದು ಎಳೆದು ಸುಕ್ಕು ಬಿಡಿಸಬೇಕು. ಅಗಲಕ್ಕೆ ಮಡಿಸಿ, ಒಬ್ಬರಿಗೊಬ್ಬರು ಎದುರಾಗಿ ನಡೆದು ಬಂದು, ನನ್ನ ಮೂಲೆಗಳನ್ನು ಅವರ ಕೈಗೆ ಕೊಟ್ಟು, ಬಗ್ಗಿ ಕೆಳಗೆ ಜೋತುಬಿದ್ದ ಮಡಿಕೆಯನ್ನು ಎತ್ತಿಕೊಳ್ಳಬೇಕು. ಮೊದಲ ಶೀಟಿಗೇ ಅವರು ಎಳೆದ ರಭಸಕ್ಕೆ ನಾನು ಮುಗ್ಗರಿಸಿ, ನನ್ನ ಒಂದು ಚಪ್ಪಲಿ ಹಾರಿ ಟ್ರಾಲಿಯೊಳಗೆ ಬಿತ್ತು.

"ಏನೇ ಅದು, ಗಾಳಿಪಟದ ದಾರ ಹಿಡಿದ ಹಾಗೆ ಹಿಡ್ಕೊಂಡಿದ್ದೀಯಾ? ಗಟ್ಟಿ ಹಿಡಿ!"

"ನೀವು ಎಮ್ಮೆ ಎಳೆದ ಹಾಗೆ ಎಳೆದ್ರೆ ನಾನೇನು ಮಾಡ್ಲಿ?" ಎಂದುಬಿಟ್ಟೆ.

ಗಡಿಯಾರದಮ್ಮ ನನ್ನನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಟ್ರಾಲಿಯಲ್ಲಿದ್ದ ಚಪ್ಪಲಿ ನೋಡಿದರು. ಅವರ ಮೂಗಿನಿಂದ ಒಂದು ಸದ್ದು ಹೊರಟಿತು. ನಗು ಅದು. ತಡೆಯಲು ಹೋಗಿ ತಡೆಯಲಾಗದೆ ಹೊರಬಿದ್ದ ನಗು.

ಮೊದಲ ವಾರ ಮೂಲೆಗಳನ್ನು ಕೊಡುವಾಗ ತೆಗೆದುಕೊಳ್ಳುವಾಗ ನಮ್ಮ ಬೆರಳು ತಾಗದಂತೆ ಅವರೂ ನೋಡಿಕೊಂಡರು, ನಾನೂ ನೋಡಿಕೊಂಡೆ. ಆದರೆ ದಿನಕ್ಕೆ ನಾನೂರು ಶೀಟು. ದಿನಕ್ಕೆ ನಾನೂರು ಸಲ ಎದುರುಬದುರು ನಡೆದು ಬಂದು ಮುಖಕ್ಕೆ ಮುಖ ಕೊಟ್ಟು ನಿಲ್ಲುವವರು ಎಷ್ಟು ದಿನ ಅಂತ ಗಂಟುಮುಖ ಹಾಕಿಕೊಂಡಿರಲು ಸಾಧ್ಯ? ಎರಡನೇ ವಾರ ಅವರು ನನ್ನ ಕೆಮ್ಮಿಗೆ ಔಷಧಿ ಹೇಳಿದರು. ಮೂರನೇ ವಾರ ನಾನು ಅವರ ಮೊಮ್ಮಗಳ ಹಟದ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾಲ್ಕನೇ ವಾರಕ್ಕೆ ನಮ್ಮ ಜೋಡಿ ಇಡೀ ಲಾಂಡ್ರಿಯಲ್ಲಿ ಎಲ್ಲರಿಗಿಂತ ವೇಗದ ಜೋಡಿ. ಲೆಕ್ಕ ಹೇಳಿಕೊಳ್ಳುವುದೂ ಬೇಕಿರಲಿಲ್ಲ. ಅವರ ಕೈ ಯಾವಾಗ ಸಡಿಲವಾಗುತ್ತದೆ, ಯಾವಾಗ ಬಿಗಿಯಾಗುತ್ತದೆ ಎಂದು ಬಟ್ಟೆಯೇ ನನ್ನ ಕೈಗೆ ಹೇಳುತ್ತಿತ್ತು. ಅವರು ನನ್ನನ್ನು "ಮರಿ" ಎನ್ನತೊಡಗಿದರು. ಊಟದ ಗಂಟೆ ಹೊಡೆದಾಗ ಮಾತ್ರ ಅವರು ಕಿಟಕಿಯ ಕಡೆ, ನಾನು ಬಾಯ್ಲರ್ ಕಡೆ.

ಹೀಗಿರುವಾಗ ಗೋಡೆಯ ಮೇಲೆ ಆಸ್ಪತ್ರೆ ಸಿಬ್ಬಂದಿಯ ಕ್ರೀಡಾದಿನದ ನೋಟಿಸು ಬಿತ್ತು. ಹಗ್ಗಜಗ್ಗಾಟ, ತಂಡಕ್ಕೆ ಎಂಟು ಜನ. ಒಂಬತ್ತು ವರ್ಷದಿಂದ ಕಪ್ ಗೆದ್ದುಕೊಂಡು ಬಂದವರು ಸ್ಟ್ರೆಚರ್ ತಳ್ಳುವ ಗಂಡಸರು. ಅವರ ಮುಖಂಡನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಅವನಿಗಿಂತ ಒಂದು ಗೇಣು ಮುಂದೆ ಅವನ ಮೀಸೆ ಬರುತ್ತಿತ್ತು. ಕೊಳೆ ಬಟ್ಟೆಯ ಮೂಟೆ ಇಳಿಸಲು ಬಂದವನು ನೋಟಿಸು ಓದುತ್ತಿದ್ದ ನಮ್ಮನ್ನು ಕಂಡು ಹಲ್ಲು ಕಿರಿದ.

"ಏನು, ಲಾಂಡ್ರಿಯವರೂ ಬರ್ತೀರಾ? ನಿಮಗ್ಯಾಕೆ ಈ ತಾಪತ್ರಯ? ನಾವು ಗೆದ್ದ ಮೇಲೆ ಹಗ್ಗ ಕಳಿಸಿಕೊಡ್ತೀವಿ, ಒಗೆದು ಒಣಗಿಸಿ ಕೊಡಿ, ಸಾಕು."

ಅವನು ಹೋದ ಮೇಲೆ ಗಡಿಯಾರದಮ್ಮನ ಕಿವಿ ಕೆಂಪಗಾಗಿದ್ದು ಕಂಡಿತು. "ಮರಿ, ನಾವು ಒಂದ್ಸಲನೂ ಯಾಕೆ ಆಡಿಲ್ಲ ಗೊತ್ತಾ? ಪ್ರತಿ ವರ್ಷ ನಮ್ಮ ಮೇಜಿನಲ್ಲಿ ನಾಲ್ಕು ಜನ ಸಿಗ್ತಾರೆ. ಅಷ್ಟಕ್ಕೇ ನಿಂತು ಹೋಗುತ್ತೆ."

"ನಮ್ಮ ಮೇಜಿನಲ್ಲೂ ಅಷ್ಟೇ," ಎಂದೆ. "ನಾಲ್ಕು ಜನ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾಲ್ಕಕ್ಕೆ ನಾಲ್ಕು ಕೂಡಿಸಲು ಬಾರದವರೇನಲ್ಲ ನಾವು.

ಸಂಜೆಯೊಳಗೆ ಅವರ ಕಡೆಯಿಂದ ಇಸ್ತ್ರಿ ಮಾಡುವ ಅಕ್ಕತಂಗಿಯರಿಬ್ಬರು, ಹರಿದ ಶೀಟು ಹೊಲಿಯುವ ದರ್ಜಿ ಹೆಂಗಸು ಒಪ್ಪಿಕೊಂಡರು. ನಮ್ಮ ಕಡೆಯಿಂದ ಟ್ರಾಲಿ ತಳ್ಳುವ ಇಬ್ಬರು ಗೆಳತಿಯರು. ನಾವಿಬ್ಬರೂ ಸೇರಿ ಏಳು. ಎಂಟನೆಯವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಹಗ್ಗದ ಕೊನೆಯನ್ನು ಬೆನ್ನಿಗೆ ಸುತ್ತಿಕೊಂಡು ಬಂಡೆಯ ಹಾಗೆ ನಿಲ್ಲುವವರು ಬೇಕು, ಅಂಥವರು ಲಾಂಡ್ರಿಯಲ್ಲಿ ಒಬ್ಬರೇ: ನನ್ನ ಚಿಕ್ಕಮ್ಮ. ಹೆಸರಿಗೆ ಚಿಕ್ಕಮ್ಮ, ಬಾಗಿಲಲ್ಲಿ ನಿಂತರೆ ಕೋಣೆಯಲ್ಲಿ ದೀಪ ಹಾಕಬೇಕಾಗುತ್ತಿತ್ತು. ಹದಿನೆಂಟು ವರ್ಷದಿಂದ ಒದ್ದೆ ವಿಭಾಗದಲ್ಲಿ ನೀರು ಕುಡಿದ ಬಟ್ಟೆಯ ರಾಶಿಗಳನ್ನು ಯಂತ್ರದಿಂದ ಎಳೆದು ಎಳೆದು ಅವಳ ತೋಳು ಹಗ್ಗದ ಹಾಗೇ ಹುರಿಗೊಂಡಿದ್ದವು. ನಾನು ಇದ್ದದ್ದೂ ಅವಳ ಮನೆಯಲ್ಲೇ, ಕೆಲಸ ಕೊಡಿಸಿದವಳೂ ಅವಳೇ.

ಮನೆಗೆ ಬಂದವಳೇ ಉಸಿರು ಬಿಡದೆ ಎಲ್ಲ ಹೇಳಿದೆ. ಚಿಕ್ಕಮ್ಮ ಕಾಲು ನೀಡಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಗಡಿಯಾರದಮ್ಮನ ಹೆಸರು ಬಂದ ಕೂಡಲೇ ಅವಳ ಕೈ ನಿಂತಿತು.

"ಅವಳು ಹಿಡಿದ ಹಗ್ಗ ನಾನು ಮುಟ್ಟಲ್ಲ."

"ಯಾಕೆ ಚಿಕ್ಕಮ್ಮ? ಒಳ್ಳೆಯವರು ಕಣೇ ಅವರು."

"ನಿಂಗೆ ಒಳ್ಳೆಯವಳು. ಇಸ್ತ್ರಿ ವಿಭಾಗದಲ್ಲಿ ಇದ್ದೋಳು ನಾನು ಒದ್ದೆ ವಿಭಾಗಕ್ಕೆ ಹೇಗೆ ಬಂದೆ ಅಂತ ಯಾವತ್ತಾದರೂ ಕೇಳಿದ್ದೀಯಾ?"

ಆಗ ಹೇಳಿದಳು. ಹದಿನೆಂಟು ವರ್ಷದ ಹಿಂದೆ ಯಾರೋ ರೋಲರನ್ನು ಬಿಸಿಯಾಗಿರುವಂತೆಯೇ ಬಿಟ್ಟು ಹೋಗಿ ಒಂದು ರಾಶಿ ಬಟ್ಟೆ ಸುಟ್ಟು ಕರಕಲಾಗಿತ್ತು. ಬಿಟ್ಟು ಹೋದವಳು ಕಿಟಕಿ ಮೇಜಿನ ಒಬ್ಬಳು. ತಪ್ಪು ಹೊರಿಸಿದ್ದು ಚಿಕ್ಕಮ್ಮನ ಮೇಲೆ. ಆ ದಿನ ಕೊನೆಗೆ ಬಾಗಿಲು ಹಾಕಿದವರು ಗಡಿಯಾರದಮ್ಮ; ರೋಲರಿನ ಹತ್ತಿರ ಇದ್ದವರು ಯಾರೆಂದು ಕಣ್ಣಾರೆ ಕಂಡವರು. ವಿಚಾರಣೆಯಲ್ಲಿ ಕೇಳಿದಾಗ ಅವರು ನೆಲ ನೋಡುತ್ತಾ "ನನಗೆ ಗೊತ್ತಿಲ್ಲ" ಎಂದರು. ಮಾರನೆಯ ದಿನವೇ ಚಿಕ್ಕಮ್ಮನನ್ನು ಒದ್ದೆ ವಿಭಾಗಕ್ಕೆ ಹಾಕಿದರು.

"ನಿಜ ಅವಳ ನಾಲಿಗೆ ತುದಿಯಲ್ಲಿತ್ತು. ನನ್ನ ಮುಖ ನೋಡಿ ನುಂಗಿದಳು," ಎಂದಳು ಚಿಕ್ಕಮ್ಮ. ಮತ್ತೆ ಮಂಡಿ ತಿಕ್ಕತೊಡಗಿದಳು.

ಮಾರನೆಯ ದಿನ ನಾನು ಶೀಟನ್ನು ಹಿಡಿದ ರೀತಿಗೇ ಗಡಿಯಾರದಮ್ಮನಿಗೆ ಗೊತ್ತಾಗಿಬಿಟ್ಟಿತು. "ಏನಾಯ್ತು ಮರಿ?" ಎಂದರು. ಎಂಟು ಶೀಟು ಮಡಿಸಿದೆವು. ಒಂಬತ್ತನೆಯದನ್ನು ನಾನು ನೆಲಕ್ಕೆ ಬಿಟ್ಟೆ.

"ಸುಟ್ಟ ಬಟ್ಟೆ ವಿಷಯ ನಿಜಾನಾ?"

ಅವರ ಕೈಯಲ್ಲಿ ಎರಡು ಮೂಲೆ ಹಾಗೇ ಉಳಿದವು. ಬಿಳಿ ಮುಖ ಇನ್ನಷ್ಟು ಬೆಳ್ಳಗಾಯಿತು. ನೆಪ ಹೇಳುತ್ತಾರೆ ಎಂದುಕೊಂಡಿದ್ದೆ. "ನಿಜ," ಎಂದರು. "ತಪ್ಪು ಮಾಡಿದವಳು ನನ್ನ ಗೆಳತಿ. ಅವಳು ಕೆಲಸ ಬಿಟ್ಟು ಊರು ಬಿಟ್ಟು ಹೋಗಿ ಎಷ್ಟೋ ವರ್ಷ ಆಯ್ತು. ಆಮೇಲಾದರೂ ಹೇಳಬಹುದಿತ್ತು. ಒದ್ದೆ ವಿಭಾಗದ ಕಡೆ ಕಾಲಿಡೋದನ್ನೇ ಬಿಟ್ಟೆ, ಅಷ್ಟೆ."

"ನನ್ನ ಹತ್ತಿರ ಹೇಳಿ ಏನು ಬಂತು?" ಎಂದೆ.

ಅವರು ಶೀಟನ್ನು ಮೇಜಿನ ಮೇಲಿಟ್ಟರು. ಏಪ್ರನ್ನಿಗೆ ಕೈ ಒರೆಸಿಕೊಂಡರು. ಮಡಿಸುವ ಜಾಗ ದಾಟಿ, ರೋಲರುಗಳನ್ನು ದಾಟಿ, ನೆಲವೆಲ್ಲ ನೀರಾಗಿದ್ದ ಒದ್ದೆ ವಿಭಾಗದೊಳಕ್ಕೆ ನೇರವಾಗಿ ನಡೆದರು. ನಾನು ಹಿಂದೆಯೇ ಓಡಿದೆ. ನನ್ನ ಹಿಂದೆ ಅಕ್ಕತಂಗಿಯರು, ಅವರ ಹಿಂದೆ ದರ್ಜಿ ಹೆಂಗಸು, ಟ್ರಾಲಿಯವರು ಟ್ರಾಲಿ ಸಮೇತ.

ಐದು ಯಂತ್ರಗಳು ಒಟ್ಟಿಗೆ ತಿರುಗುತ್ತಿದ್ದವು. ಆ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸುವಂತಿಲ್ಲ. ಚಿಕ್ಕಮ್ಮ ಎದೆಯೆತ್ತರದ ಒದ್ದೆ ರಾಶಿಯ ಪಕ್ಕ ನಿಂತಿದ್ದಳು. ಗಡಿಯಾರದಮ್ಮನ ತುಟಿ ಅಲುಗಿದ್ದು ಕಂಡಿತು.

"ಏನು?" ಎಂದಳು ಚಿಕ್ಕಮ್ಮ.

ಅವರು ಮತ್ತೆ ಏನೋ ಹೇಳಿದರು.

"ಕೇಳಿಸ್ತಿಲ್ಲ!"

ಚಿಕ್ಕಮ್ಮ ಗೋಡೆಯ ಹತ್ತಿರ ಹೋಗಿ ದೊಡ್ಡ ಕೆಂಪು ಸ್ವಿಚ್ಚು ಕೆಳಗೆಳೆದಳು. ಐದೂ ಯಂತ್ರ ನರಳುತ್ತಾ ನಿಂತವು. ಕೆಲಸದ ಹೊತ್ತಿನಲ್ಲಿ ಆ ಕಟ್ಟಡದಲ್ಲಿ ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ. ಏನು ಅನಾಹುತವೋ ಎಂದು ಮೇಲ್ವಿಚಾರಕರು ಕೋಣೆಯಿಂದ ಓಡಿ ಬಂದರು.

"ಈಗ ಹೇಳಿ," ಎಂದಳು ಚಿಕ್ಕಮ್ಮ. "ಎಲ್ಲರಿಗೂ ಕೇಳೋ ಹಾಗೆ."

ಗಡಿಯಾರದಮ್ಮನ ಬೂಟು ನೀರಲ್ಲಿ ನೆನೆಯುತ್ತಿತ್ತು. ಅವರು ಹೇಳಿದರು. ರೋಲರು ಬಿಟ್ಟು ಹೋದವಳು ಯಾರು, ತಾವು ಕಂಡದ್ದೇನು, ವಿಚಾರಣೆಯಲ್ಲಿ ಆಡಿದ ಸುಳ್ಳೇನು, ಒಂದೂ ಬಿಡಲಿಲ್ಲ. "ನೀನು ನಮ್ಮ ಮೇಜಿನವಳಾಗಿದ್ದರೆ ಬಾಯಿ ಬಿಡ್ತಿದ್ದೆ. ಅದನ್ನ ಹದಿನೆಂಟು ವರ್ಷದಿಂದ ನನಗೆ ನಾನೇ ಹೇಳ್ಕೊಂಡಿರಲಿಲ್ಲ. ತಪ್ಪು ನನ್ನದು." ಕೊನೆಗೆ ದನಿ ಒಡೆಯಿತು, ಆದರೆ ತಲೆ ತಗ್ಗಿಸಲಿಲ್ಲ.

ಚಿಕ್ಕಮ್ಮ ಮೇಲ್ವಿಚಾರಕರ ಕಡೆ ತಿರುಗಿದಳು. "ಕೇಳಿದ್ರಲ್ಲ ಸಾರ್? ನನ್ನ ಫೈಲಿನಲ್ಲಿ ಕಪ್ಪು ಗೆರೆ ಇದೆ. ಅದು ಹೋಗ್ಬೇಕು. ಹೋಯ್ತು ಅಂತ ಕಾಗದದಲ್ಲಿ ಬರೆದು ಕೊಡ್ಬೇಕು." ಅವರು ಅಷ್ಟು ಜನ ಹೆಂಗಸರ ಮುಖ ನೋಡಿ ತಲೆಯಾಡಿಸಿದರು. ಮೂರು ದಿನದಲ್ಲಿ ಕಾಗದ ಬಂತು, ಠಸ್ಸೆ ಸಮೇತ.

ಸ್ವಿಚ್ಚಿನ ಮೇಲೆ ಕೈಯಿಟ್ಟು ಚಿಕ್ಕಮ್ಮ ಗಡಿಯಾರದಮ್ಮನಿಗೆ ಹೇಳಿದಳು: "ಕ್ಷಮಿಸಿಬಿಟ್ಟೆ ಅಂದ್ಕೋಬೇಡಿ. ಅದಕ್ಕೆ ಟೈಮ್ ಬೇಕು. ಹಗ್ಗ ಎಳಿಯೋಕೆ ಬರ್ತೀನಿ. ಆ ಮೀಸೆಯವನು ಹಗ್ಗ ಒಗೆದು ಕೊಡಿ ಅಂತ ನಂಗೂ ಅಂದಿದ್ದಾನೆ."

ಅಷ್ಟೇ ಸಾಕಾಗಿತ್ತು! ನಾನು ಅಲ್ಲೇ ನೀರಲ್ಲಿ ಕುಣಿದೆ. ಅಕ್ಕತಂಗಿಯರ ಸ್ಟಾಕಿಂಗ್ಸ್ ಎಲ್ಲ ತೊಯ್ದು ಹೋಯಿತು.

ಇನ್ನು ಉಳಿದದ್ದು ಹನ್ನೊಂದೇ ದಿನ. ಊಟದ ಬಿಡುವಿನಲ್ಲಿ ಹಿತ್ತಲಿನಲ್ಲಿ ಅಭ್ಯಾಸ. ಹಗ್ಗವಿಲ್ಲ, ಹರಿದು ತೆಗೆದಿಟ್ಟ ಶೀಟುಗಳನ್ನು ದರ್ಜಿ ಹೆಂಗಸು ಹುರಿಮಾಡಿ ಹೊಲಿದು ಕೊಟ್ಟಳು. ಅದನ್ನು ಕಬ್ಬಿಣದ ಕಂಬಕ್ಕೆ ಕಟ್ಟಿ ಎಂಟೂ ಜನ ಎಳೆದದ್ದೇ ಎಳೆದದ್ದು. ಯಾರು ಮುಂದೆ ಯಾರು ಹಿಂದೆ ಎಂದು ತೀರ್ಮಾನಿಸಲು ತೂಕ ಗೊತ್ತಾಗಬೇಕಿತ್ತು, ಯಾರೂ ಬಾಯಿ ಬಿಡರು. ಕೊನೆಗೆ ಬಟ್ಟೆ ಮೂಟೆ ತೂಗುವ ಯಂತ್ರದ ಮೇಲೆ ಒಬ್ಬೊಬ್ಬರನ್ನೇ ಹತ್ತಿಸಿದೆವು. ಅಕ್ಕ ತನ್ನದು ತಂಗಿಗಿಂತ ಕಡಿಮೆ ಎಂದು ಮೆರೆಯುತ್ತಿದ್ದವಳು ಮುಳ್ಳು ನೋಡಿ ಯಂತ್ರವೇ ಸರಿಯಿಲ್ಲ ಎಂದು ಜಗಳ ತೆಗೆದಳು. ಚಿಕ್ಕಮ್ಮ ಹತ್ತಿದಾಗ ಮುಳ್ಳು ಕೊನೆ ಮುಟ್ಟಿ ನಿಂತಿತು. "ಇದ್ಯಾಕೆ ನಿಂತು ಹೋಯ್ತು?" ಎಂದಳು. "ಗೌರವಕ್ಕೆ," ಎಂದರು ಗಡಿಯಾರದಮ್ಮ. ಚಿಕ್ಕಮ್ಮ ನಗಬಾರದೆಂದು ಎಷ್ಟು ಬಿಗಿಹಿಡಿದರೂ ಭುಜ ಕುಲುಕುತ್ತಿತ್ತು.

ಕ್ರೀಡಾದಿನ ಬೆಳಿಗ್ಗೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನರ್ಸುಗಳು, ಡಾಕ್ಟರುಗಳು, ಅವರವರ ಮಕ್ಕಳು, ಕಿಟಕಿಗಳಲ್ಲಿ ರೋಗಿಗಳು. ಮೊದಲ ಪಂದ್ಯ ಆಫೀಸಿನ ಗುಮಾಸ್ತರ ಜೊತೆ. ಸೀಟಿ ಊದಿದ್ದೇ ತಡ, ಚಿಕ್ಕಮ್ಮ ಒಂದು ಹೆಜ್ಜೆ ಹಿಂದಿಟ್ಟಳು, ಗುಮಾಸ್ತರು ಒಬ್ಬರ ಮೇಲೊಬ್ಬರು ಬಿದ್ದರು. ಎರಡನೆಯದು ಅಡುಗೆಮನೆಯವರ ಜೊತೆ. ಅವರು ಗಟ್ಟಿಗರು, ಬೆವರಿಳಿಸಿದರು. ಆದರೂ ಗೆದ್ದೆವು. ಅಷ್ಟು ಹೊತ್ತಿಗೆ "ಲಾಂಡ್ರಿ! ಲಾಂಡ್ರಿ!" ಎಂಬ ಕೂಗು ಎದ್ದಿತ್ತು.

ಫೈನಲ್ಲಿನಲ್ಲಿ ಮೀಸೆಯ ತಂಡ. ಮೂರರಲ್ಲಿ ಎರಡು ಸುತ್ತು ಗೆಲ್ಲಬೇಕು. ಹಗ್ಗದ ನಡುವೆ ಕಟ್ಟಿದ ಕೆಂಪು ಬಟ್ಟೆ ಯಾರ ಗೆರೆ ದಾಟುತ್ತದೋ ಅವರದು ಸುತ್ತು. ಮೊದಲ ಸುತ್ತಿನಲ್ಲಿ ನಾವು ಎಂಟೂ ಜನ ಜೀವ ಬಿಟ್ಟು ಎಳೆದೆವು. ಅವರು ನಮ್ಮನ್ನು ಅವರೆಕಾಯಿ ಬಳ್ಳಿ ಕಿತ್ತ ಹಾಗೆ ಎಳೆದುಕೊಂಡು ಹೋದರು. ನನ್ನ ಮಂಡಿ ತರಚಿ ಹೋಯಿತು. ಮೀಸೆ ಮೀಸೆ ತೀಡಿದ.

ಎರಡು ನಿಮಿಷ ಬಿಡುವು. ಚಿಕ್ಕಮ್ಮ ಏದುಸಿರು ಬಿಡುತ್ತಿದ್ದಳು. "ಬಲದಲ್ಲಿ ಆಗಲ್ಲ ಕಣ್ರೇ. ಅವರು ಗಾಡಿ ತಳ್ಳೋರು."

"ಬಲ ಬೇಡ," ಎಂದರು ಗಡಿಯಾರದಮ್ಮ. ಅವರ ಕಣ್ಣು ಮಿರಮಿರ ಮಿನುಗುತ್ತಿತ್ತು. "ಅವರು ಉಸಿರು ಬಿಗಿಹಿಡಿದು ಎಳೀತಾರೆ. ಉಸಿರು ಬಿಡೋವಾಗ ಒಂದು ಗಳಿಗೆ ಸಡಿಲ ಆಗ್ತಾರೆ. ಅಲ್ಲಿವರೆಗೆ ಸುಮ್ನೆ ಜೋತುಬೀಳಿ. ಸಡಿಲ ಆದ ತಕ್ಷಣ ಎಲ್ಲ ಒಟ್ಟಿಗೆ, ಫಟ್ಟಂತ."

"ಸಡಿಲ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?" ಎಂದಳು ತಂಗಿ.

"ಈ ಮರಿ ಕೂಗ್ತಾಳೆ. ಹೋಗು ಮರಿ, ಮುಂದೆ ನಿಂತ್ಕೊ. ಇವಳ ಕೈಗೆ ಗೊತ್ತಾಗುತ್ತೆ. ನನ್ನ ಜೊತೆ ಎಷ್ಟು ಸಾವಿರ ಶೀಟು ಮಡಿಸಿದ್ದಾಳೆ!"

ಎಲ್ಲರ ಮುಂದೆ ಹಗ್ಗ ಹಿಡಿದು ನಿಂತೆ. ಸೀಟಿ ಊದಿತು. ಹಗ್ಗ ಕಲ್ಲಾಯಿತು. ಕೆಂಪು ಬಟ್ಟೆ ಅವರ ಕಡೆ ಒಂದು ಗೇಣು ಜರುಗಿತು, ಇನ್ನೊಂದು ಗೇಣು ಜರುಗಿತು. ಜನ "ಅಯ್ಯೋ" ಎಂದರು. ನಾನು ಕಣ್ಣು ಮುಚ್ಚಿದೆ. ಬಂತು! ಕೂದಲೆಳೆಯಷ್ಟು ಸಡಿಲ. "ಈಗ!" ಎಂದು ಕಿರುಚಿದೆ. ಎಂಟು ಬೆನ್ನು ಒಟ್ಟಿಗೆ ಹಿಂದಕ್ಕೆ ಬಿದ್ದವು. ಮೀಸೆಯ ಕಾಲು ಜಾರಿತು. "ಈಗ!" ಮತ್ತೆ. "ಈಗ!" ಕೆಂಪು ಬಟ್ಟೆ ನಮ್ಮ ಗೆರೆ ದಾಟಿ ಬಂದೇಬಿಟ್ಟಿತು.

ಮೈದಾನ ಎದ್ದು ನಿಂತಿತು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ರೋಗಿಯೊಬ್ಬ ಕಿಟಕಿಯಲ್ಲಿ ಇನ್ನೊಂದು ಕೈಯಲ್ಲಿ ತಟ್ಟೆ ಬಡಿಯುತ್ತಿದ್ದ.

ಮೂರನೇ ಸುತ್ತಿಗೆ ಅವರು ಹುಷಾರಾದರು. ಎರಡೂ ಕಡೆ ಯಾರೂ ಅಲುಗಲಿಲ್ಲ. ಕೆಂಪು ಬಟ್ಟೆ ನಡುಗುತ್ತಾ ನಡುವೆಯೇ ನಿಂತಿತ್ತು. ಅಂಗೈ ಉರಿಯುತ್ತಿತ್ತು. ಅಷ್ಟರಲ್ಲಿ ಗಡಿಯಾರದಮ್ಮನ ಬೂಟಿನ ಅಟ್ಟೆ ಚರ್ರನೆ ಕಿತ್ತುಬಂದು, ಅವರು ಜಾರಿ ಒಂದು ಮಂಡಿಯ ಮೇಲೆ ಕುಸಿದರು. ಹಗ್ಗ ಸರ್ರನೆ ಮುಂದೆ ಹೋಯಿತು.

"ಬಿಟ್ಟಿರೋ ಕೊಂದುಬಿಡ್ತೀನಿ!" ಎಂದು ಹಿಂದಿನಿಂದ ಚಿಕ್ಕಮ್ಮನ ಗರ್ಜನೆ. ಹಗ್ಗವನ್ನು ಬೆನ್ನಿನ ಸುತ್ತ ಬಿಗಿದುಕೊಂಡು, ಹಿಮ್ಮಡಿ ಮಣ್ಣಿಗೆ ಊರಿ ಒಬ್ಬಳೇ ಅಷ್ಟೂ ಭಾರ ತಡೆದಳು. "ಬೂಟು ಒದ್ದು ಬಿಸಾಡಿ ಅಕ್ಕಾ! ಏಳಿ! ನಾನಿದ್ದೀನಿ, ಏಳಿ!"

ಅಕ್ಕ! ಹದಿನೆಂಟು ವರ್ಷದಲ್ಲಿ ಮೊದಲ ಸಲ. ಗಡಿಯಾರದಮ್ಮ ಎರಡೂ ಬೂಟು ಒದ್ದು ಬರಿಗಾಲಲ್ಲಿ ಎದ್ದರು. ಎದುರಿನವರು ಗೆದ್ದೇಬಿಟ್ಟೆವೆಂದು ಉಸಿರು ಬಿಟ್ಟರು. ಹಗ್ಗ ನನ್ನ ಬೆರಳಲ್ಲಿ ಮೆತ್ತಗಾಯಿತು.

"ಈಗ!"

ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ. ಗಂಟಲು ಹರಿದು ಹೋಯಿತು. ಒಂದು ಕ್ಷಣ ಹಗ್ಗದಲ್ಲಿ ಭಾರವೇ ಇಲ್ಲ ಎನ್ನಿಸಿತು, ಮರುಕ್ಷಣ ನಾನು ಅಂಗಾತ ಬಿದ್ದಿದ್ದೆ, ಮೇಲೆ ಆಕಾಶ, ಎದುರಿಗೆ ಮೀಸೆ ಮಣ್ಣು ಮುಕ್ಕುತ್ತಾ ನನ್ನ ಕಾಲ ಹತ್ತಿರ ಬೋರಲು ಬಿದ್ದಿದ್ದ. ಗೆದ್ದಿದ್ದೆವು! ಎದ್ದು ನೋಡುತ್ತೇನೆ, ಗಡಿಯಾರದಮ್ಮ ಮತ್ತು ಚಿಕ್ಕಮ್ಮ ಒಬ್ಬರ ಕುತ್ತಿಗೆಗೆ ಒಬ್ಬರು ಜೋತುಬಿದ್ದು ಚಿಕ್ಕ ಹುಡುಗಿಯರ ಹಾಗೆ ನೆಗೆಯುತ್ತಿದ್ದಾರೆ. ತಾವೇನು ಮಾಡುತ್ತಿದ್ದೇವೆಂದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಕೈ ಬಿಟ್ಟರು. ಆಮೇಲೆ ಚಿಕ್ಕಮ್ಮ ಮತ್ತೆ ಹಿಡಿದುಕೊಂಡಳು.

ಮುಂದಿನ ವಾರ ಭಾನುವಾರ ಮಧ್ಯಾಹ್ನ ಗಡಿಯಾರದಮ್ಮ ನಮ್ಮ ಮನೆಗೆ ಬಂದರು. ನಮ್ಮ ಬೀದಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಒಂದು ಚೀಲ ಸೇಬು ಹಿಡಿದು ನಾಲ್ಕು ಮಹಡಿ ಹತ್ತಿ ಬಂದರು. ಯಾವುದೋ ತಪಾಸಣೆಗೆ ಆಫೀಸಿನವರು ಬಂದರೆಂದು ಎರಡನೇ ಮಹಡಿಯವರು ಬಾಗಿಲು ಹಾಕಿಕೊಂಡರಂತೆ. ಮೂರನೇ ಮಹಡಿಯ ಅಜ್ಜಿ ಮಾತ್ರ "ಯಾರು ಬೇಕಾಗಿತ್ತು?" ಎಂದು ಕೇಳಿ ಮೇಲಿನವರೆಗೂ ಜೊತೆಗೇ ಬಂದು ಬಿಟ್ಟು ಹೋದರು.

"ನನ್ನ ಮಗ ಕೇಳ್ದ, ಆ ಕಡೆಗೆಲ್ಲ ಯಾಕೆ ಹೋಗ್ತೀಯಾ ಅಂತ," ಎಂದರು ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಾ. "ಗೆಳತಿಯರ ಮನೆಗೆ ಅಂದೆ. ಯಾವ ಗೆಳತಿಯರು ಅಂದ. ಬಂದು ನೋಡು ಅಂದೆ. ಮುಂದಿನ ಸಲ ಕರ್ಕೊಂಡು ಬರ್ತೀನಿ."

"ಬರಲಿ," ಎಂದಳು ಚಿಕ್ಕಮ್ಮ. "ಎಳಿಯೋಕೆ ಬರುತ್ತೇನು?"

"ಅವನಾ? ಪರದೆ ಎಳಿಯೋಕೂ ಬರಲ್ಲ. ಹೆಣ್ಣುಮಕ್ಕಳು ನಾವು ಇಲ್ಲದಿದ್ದರೆ..." ಗಡಿಯಾರದಮ್ಮ ಸೇಬಿಗೆ ಚಾಕು ಹಾಕಿದರು. "ಏನೇ ಹೇಳು, ಉಸಿರಿನ ಉಪಾಯ ನಾನು ಹೇಳದಿದ್ದರೆ ಕಪ್ ಬರ್ತಿರಲಿಲ್ಲ."

"ಏನಂದ್ರಿ? ಮಂಡಿ ಊರಿ ಬಿದ್ದವರು ಯಾರು? ನಾನು ತಡೀದಿದ್ದರೆ ನೀವು ಮೀಸೆಯವನ ಮಡಿಲಲ್ಲಿ ಕೂತಿರ್ತಿದ್ದಿರಿ!"

"ನನ್ನ ಬೂಟಿನ ತಪ್ಪು ಅದು!"

"ಬೂಟು ಯಾರದ್ದು?"

ಇಬ್ಬರ ದನಿಯೂ ಏರಿತು. ಮೂರನೇ ಮಹಡಿಯ ಅಜ್ಜಿ ಏನಾಯಿತೆಂದು ಮತ್ತೆ ಮೆಟ್ಟಿಲು ಹತ್ತಿ ಬಾಗಿಲಲ್ಲಿ ಇಣುಕಿದರು. ಅಜ್ಜಿಯನ್ನು ಕಂಡದ್ದೇ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ನೀನೇ ಹೇಳೇ, ಗೆದ್ದಿದ್ದು ಯಾರಿಂದ?"

ನಾನು ಬಾಯಿ ತುಂಬ ಸೇಬು ತುಂಬಿಕೊಂಡೆ.